ಮರಡಿಹಳ್ಳಿಯ ಕಲ್ಲು, ಕೋಟೆಯ ಹೆಜ್ಜೇನು

ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನನಗೆ ವರ್ಷದ ಮೊದಲ ವಾರಗಳು ವರ್ಗೀಕರಣದ ಪಾಠಕ್ಕೇ ಮೀಸಲು. 1969ರಲ್ಲಿ ವಿಟೇಕರ್ ಮುಂದಿಟ್ಟ ಐದು ಸಾಮ್ರಾಜ್ಯಗಳನ್ನು ಹಲಗೆಯ ಮೇಲೆ ಬರೆದು, ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ ಎಂದು ವಿವರಿಸುತ್ತಾ ಹೋದರೆ ಮಕ್ಕಳು ಶ್ರದ್ಧೆಯಿಂದ ಬರೆದುಕೊಳ್ಳುತ್ತಾರೆ. ಆದರೆ ಈ ವಿಭಾಗಗಳಿಗೆ ನಾವು ಬಂದದ್ದು ಹೇಗೆ, ಇವುಗಳಲ್ಲಿ ಎಲ್ಲಿಯೂ ಸೇರದ ಜೀವಿಗಳು ಒಂದು ಕಾಲದಲ್ಲಿ ಇದ್ದವೇ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಇಲ್ಲ. ಆ ಪ್ರಶ್ನೆಯನ್ನು ಏಳಿಸಬೇಕೆಂಬ ಆಸೆಯಿಂದಲೇ ಕಳೆದ ಚಳಿಗಾಲದಲ್ಲಿ ಭೂವಿಜ್ಞಾನ ಕಲಿಸುವ ಗೆಳತಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಮಕ್ಕಳೊಂದಿಗೆ ಚಿತ್ರದುರ್ಗದ ಕಡೆಗೆ ಹೊರಟೆವು.

ಮೊದಲು ಹೋದದ್ದು ಚಿತ್ರದುರ್ಗ ದಾಟಿ, ಹಿರಿಯೂರಿನ ಕಡೆಗಿರುವ ಮರಡಿಹಳ್ಳಿಗೆ. ಅಲ್ಲಿನ ದಿಂಬುಗಲ್ಲುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಉಬ್ಬಿದ, ದುಂಡನೆಯ ಕಲ್ಲುಗಳು ಒಂದರ ಮೇಲೊಂದು ಒತ್ತಿಕೊಂಡು ಕುಳಿತಿರುವ ಆ ಜಾಗಕ್ಕೆ ಕಾಲಿಟ್ಟೊಡನೆ ಒಬ್ಬ ಹುಡುಗಿ, ‘ಮೇಡಂ, ಇವು ಯಾವುದೋ ದೊಡ್ಡ ಪ್ರಾಣಿಯ ಮೊಟ್ಟೆಗಳೇ?’ ಎಂದು ಕೇಳಿದಳು. ಯಾರೂ ನಗಲಿಲ್ಲ, ಏಕೆಂದರೆ ಎಲ್ಲರಿಗೂ ಹಾಗೆಯೇ ಅನ್ನಿಸಿತ್ತು. ನನಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಪ್ರಾಚೀನ ಜೀವಿಗಳ ಅಧ್ಯಯನ ಶುರುವಾಗುವುದೇ ಇದಕ್ಕಿಂತ ಮುಂಚಿನ ಇನ್ನೊಂದು ಪ್ರಶ್ನೆಯಿಂದ: ಇದು ಯಾವ ಜೀವಿ ಎಂಬುದಕ್ಕೆ ಮೊದಲು, ಇದು ಜೀವಿಯೇ ಎಂಬ ಪ್ರಶ್ನೆಯಿಂದ.

ಗೆಳತಿ ಉತ್ತರವನ್ನು ನೇರವಾಗಿ ಹೇಳದೆ ಒಂದೊಂದು ಕಲ್ಲಿನ ಅಂಚನ್ನು ತೋರಿಸಿದರು. ಹೊರಪದರ ಒಳಭಾಗಕ್ಕಿಂತ ನುಣುಪಾದ ಕಣಗಳಿಂದಾಗಿದೆ. ಮೇಲ್ಭಾಗ ಉಬ್ಬಿದ್ದರೆ, ತಳಭಾಗ ಬಿಸಿ ಮುದ್ದೆ ತಟ್ಟೆಯ ಮೇಲೆ ಕೂರುವಂತೆ ಕೆಳಗಿನ ಸಾಲಿನ ಸಂದುಗಳಿಗೆ ಇಳಿದು ಕುಳಿತಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರದಡಿ ಉಕ್ಕಿದ ಲಾವಾ ತಣ್ಣೀರು ತಾಗಿದ ಕೂಡಲೇ ಹೊರಗೆ ಗಟ್ಟಿಯಾಗಿ, ಒಳಗೆ ಇನ್ನೂ ಮೆತ್ತಗಿದ್ದಾಗಲೇ ಒಂದರ ಮೇಲೊಂದು ಉರುಳಿಕೊಂಡು ಈ ಆಕಾರ ತಳೆಯಿತು. ಹಾಗೆ ಕುಸಿದು ಕೂರುವುದು ದ್ರವದ ಗುಣವೇ ಹೊರತು ಮೊಟ್ಟೆಯ ಗುಣವಲ್ಲ. ಆ ಕಾಲದಲ್ಲಿ ಮೊಟ್ಟೆಯಿಡುವ ಪ್ರಾಣಿಯಿರಲಿ, ಪ್ರಾಣಿ ಎಂಬುದೇ ಭೂಮಿಯ ಮೇಲಿರಲಿಲ್ಲ.

ಆದರೆ ಜೀವ ಇತ್ತು. ಇದೇ ಚಿತ್ರದುರ್ಗ ಶಿಲಾಪಟ್ಟಿಯ ಕಾರ್ಬೊನೇಟ್ ಕಲ್ಲುಗಳಲ್ಲಿ ಸ್ಟ್ರೋಮಟೊಲೈಟ್‌ಗಳು ಸಿಕ್ಕಿವೆ. ಆಳವಿಲ್ಲದ ನೀರಿನ ತಳದಲ್ಲಿ ಸೂಕ್ಷ್ಮಜೀವಿಗಳು ಪದರವಾಗಿ ಹರಡಿಕೊಂಡು, ಮೇಲೆ ಬಿದ್ದ ಕೆಸರನ್ನು ಹಿಡಿದು, ಬೆಳಕಿಗಾಗಿ ಮತ್ತೆ ಮೇಲೇರಿ, ಹೀಗೆ ಪದರದ ಮೇಲೆ ಪದರ ಕಟ್ಟಿದ ಗುಮ್ಮಟಗಳವು. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಅಂಥವು ಇಂದಿಗೂ ಬೆಳೆಯುತ್ತಿವೆ. ಅತ್ಯಂತ ಹಳೆಯ ಸ್ಟ್ರೋಮಟೊಲೈಟ್‌ಗಳಲ್ಲಿ ಕಟ್ಟಿದವರ ದೇಹ ಉಳಿದಿರುವುದು ತೀರಾ ಅಪರೂಪ. ಉಳಿದಿರುವುದು ಕಟ್ಟಡ ಮಾತ್ರ. ಹಾಗಾಗಿ ವಿಜ್ಞಾನಿಗಳು ಅವುಗಳಿಗೆ ಇಟ್ಟ ಹೆಸರುಗಳು ಜೀವಿಯ ಹೆಸರುಗಳಲ್ಲ, ಆಕಾರದ ಹೆಸರುಗಳು. ಹುಲಿಗೂ ಹುಣಸೆಗೂ ಹೆಸರಿಡುವ ಪದ್ಧತಿಯಲ್ಲಿಯೇ ಇವುಗಳಿಗೂ ಎರಡು ಪದದ ಹೆಸರಿರುತ್ತದೆ, ಆದರೆ ಆ ಹೆಸರಿನಿಂದ ರಕ್ತಸಂಬಂಧ ತಿಳಿಯುವುದಿಲ್ಲ ಎಂದಾಗ ಮಕ್ಕಳ ಮುಖದಲ್ಲಿ ನಾನು ಬಯಸಿದ್ದ ಗೊಂದಲ ಕಾಣಿಸಿತು.

ಮಧ್ಯಾಹ್ನದ ಹೊತ್ತಿಗೆ ಕೋಟೆಗೆ ಬಂದೆವು. ಏಳುಸುತ್ತಿನ ಕೋಟೆಯ ಬಂಡೆಗಳ ಬಗ್ಗೆ ಹೇಳುವುದು ಬಹಳವಿದೆ, ಅದನ್ನು ಬಿಡುತ್ತೇನೆ. ಚಾಚಿಕೊಂಡ ಒಂದು ಬಂಡೆಯ ಅಡಿಯಲ್ಲಿ ಹೆಜ್ಜೇನಿನ ಹುಟ್ಟು ತೂಗುತ್ತಿತ್ತು. ಸದ್ದು ಮಾಡಬೇಡಿ ಎಂದು ಅಲ್ಲಿದ್ದವರು ಎಚ್ಚರಿಸಿದರು. ಅದರ ಪಕ್ಕದಲ್ಲಿ ಹಿಂದೆಂದೋ ಹುಟ್ಟು ಕಳಚಿ ಬಿದ್ದ ಜಾಗದಲ್ಲಿ ಮೇಣದ ಕಲೆ ಎಲೆಯಾಕಾರದಲ್ಲಿ ಉಳಿದಿತ್ತು. ಆ ಕಲೆಯನ್ನು ಕಂಡದ್ದೇ ತಡ, ಮಕ್ಕಳನ್ನು ದೂರಕ್ಕೆ ಕರೆದೊಯ್ದು ಭೀಮ್‌ಬೆಟ್ಕಾ ಗುಹೆಗಳ ಕಥೆ ಹೇಳಿದೆ.

ಆ ಕಥೆ ಶುರುವಾಗುವುದು ಬೇರೊಂದು ಖಂಡದಲ್ಲಿ. ದಕ್ಷಿಣ ಆಸ್ಟ್ರೇಲಿಯಾದ ಎಡಿಯಾಕರ ಬೆಟ್ಟಗಳಲ್ಲಿ 1946ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ವಿಚಿತ್ರ ಮುದ್ರೆಗಳನ್ನು ಕಂಡರು. ಅವುಗಳಲ್ಲೊಂದು ಡಿಕಿನ್ಸೋನಿಯಾ: ಚಪ್ಪಟೆಯಾದ ಅಂಡಾಕಾರ, ನಡುಗೆರೆಯಿಂದ ಎರಡೂ ಬದಿಗೆ ಸಾಗುವ ಪಟ್ಟಿಗಳು, ಬಾಯಿಯಿಲ್ಲ, ಕಾಲಿಲ್ಲ. ಸುಮಾರು 55 ಕೋಟಿ ವರ್ಷ ಹಳೆಯ ಈ ಜೀವಿಯನ್ನು ಕೆಲವರು ಹುಳುವೆಂದರು, ಕೆಲವರು ಕಲ್ಲುಹೂವೆಂದರು, ಕೆಲವರು ದೈತ್ಯ ಏಕಕೋಶಜೀವಿಯೆಂದರು, ಇನ್ನು ಕೆಲವರು ಇಂದಿನ ಯಾವ ಗುಂಪಿಗೂ ಸೇರದ ನಶಿಸಿದ ಸಾಮ್ರಾಜ್ಯವೆಂದರು. ಆಕಾರವನ್ನಷ್ಟೇ ನೋಡಿದರೆ ಎಲ್ಲರ ವಾದವೂ ಸರಿಯೆನಿಸುತ್ತದೆ. 2018ರಲ್ಲಿ ಬೊಬ್ರೊವ್‌ಸ್ಕಿ ಮತ್ತು ಸಂಗಡಿಗರು ರಷ್ಯಾದ ಶ್ವೇತ ಸಮುದ್ರದ ತೀರದಲ್ಲಿ ಸಿಕ್ಕ ಡಿಕಿನ್ಸೋನಿಯಾದ ಮೇಲೆ ಉಳಿದಿದ್ದ ತೆಳುವಾದ ಸಾವಯವ ಪೊರೆಯನ್ನು ಪರೀಕ್ಷಿಸಿದಾಗ, ಪ್ರಾಣಿಗಳ ಕೋಶಪೊರೆಯ ಗುರುತಾದ ಕೊಲೆಸ್ಟೆರಾಲ್‌ನ ಅವಶೇಷ ಶೇಕಡಾ 93ರವರೆಗೂ ಕಂಡುಬಂತು. ಸುತ್ತಲಿನ ಕೆಸರಿನಲ್ಲಿದ್ದದ್ದು ಹೆಚ್ಚಾಗಿ ಹಸಿರು ಪಾಚಿಗಳ ಸ್ಟೆರಾಲ್. ಶಿಲೀಂಧ್ರದ ಕೋಶಪೊರೆಯಲ್ಲಿ ಇರಬೇಕಾದ ಎರ್ಗೋಸ್ಟೆರಾಲ್ ಅಲ್ಲಿ ಮುಖ್ಯವಾಗಿರಲಿಲ್ಲ. ಎಪ್ಪತ್ತು ವರ್ಷ ಆಕಾರ ತೀರ್ಮಾನಿಸಲಾಗದ್ದನ್ನು ಕೊಬ್ಬಿನ ಅಣು ತೀರ್ಮಾನಿಸಿತು: ಅದು ಪ್ರಾಣಿ.

ಆನಂತರ 2021ರಲ್ಲಿ ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಸಿಕ್ಕಿದೆ ಎಂಬ ಪ್ರಬಂಧ ಪ್ರಕಟವಾಯಿತು. ಅದು ನಿಜವಾಗಿದ್ದರೆ ಸುಮಾರು ನೂರು ಕೋಟಿ ವರ್ಷ ಹಳೆಯದೆಂದು ಇತರ ಪುರಾವೆಗಳು ಸೂಚಿಸುತ್ತಿದ್ದ ಆ ವಿಂಧ್ಯ ಮರಳುಗಲ್ಲು ಸುಮಾರು 55 ಕೋಟಿ ವರ್ಷಕ್ಕೆ ಇಳಿಯಬೇಕಾಗುತ್ತಿತ್ತು. ಜೀವಿಯೊಂದನ್ನು ಗುರುತಿಸುವಾಗ ಆಗುವ ವ್ಯತ್ಯಾಸ ಬೆಟ್ಟಸಾಲಿನ ವಯಸ್ಸನ್ನೇ ಬದಲಿಸಬಲ್ಲದು ಎಂಬುದನ್ನು ಮಕ್ಕಳು ಇಲ್ಲಿ ಚೆನ್ನಾಗಿ ಹಿಡಿದರು. 2023ರಲ್ಲಿ ಜೋಸೆಫ್ ಮೀರ್ಟ್ ಮತ್ತು ಅವರ ಸಹಸಂಶೋಧಕರು ಮತ್ತೆ ಅಲ್ಲಿಗೆ ಹೋಗಿ ನೋಡಿದಾಗ ಆ ಮುದ್ರೆ ಬಂಡೆಯಿಂದ ಸಿಪ್ಪೆಯೇಳುತ್ತಿತ್ತು. ಅದು ಕಲ್ಲಿನೊಳಗಿನದ್ದಲ್ಲ, ಕಲ್ಲಿಗೆ ಅಂಟಿಕೊಂಡ ಹಳೆಯ ಹೆಜ್ಜೇನಿನ ಹುಟ್ಟು. ಮೊದಲ ಪ್ರಬಂಧದ ಲೇಖಕರೂ ಈ ತಿದ್ದುಪಡಿಯನ್ನು ಒಪ್ಪಿಕೊಂಡರು. ಆ ಒಪ್ಪಿಗೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಮಕ್ಕಳಿಗೂ ಅದನ್ನೇ ಹೇಳಿದೆ. ಮತ್ತೆ ಮತ್ತೆ ನೋಡಲು ಸಿಗದ ಒಂದೇ ಮಾದರಿಯ ಮೇಲೆ ಯಾರೇ ಆಗಲಿ ಎಷ್ಟು ಭಾರ ಹೊರಿಸಬಹುದು?

ಅಕ್ಕ ತಂಗಿ ಹೊಂಡದ ಬಳಿ ಬುತ್ತಿ ಬಿಚ್ಚಿದಾಗ ಮಾತು ಪ್ರೊಟೊಟ್ಯಾಕ್ಸೈಟಿಸ್‌ನತ್ತ ಹೊರಳಿತು. ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವ ಜೀವಿ ಅದು. ಸುಮಾರು 42ರಿಂದ 37 ಕೋಟಿ ವರ್ಷಗಳ ಹಿಂದೆ, ಆ ಅವಧಿಯ ಆರಂಭದಲ್ಲಿ ನೆಲದ ಮೇಲಿನ ಗಿಡಗಳು ಹೆಚ್ಚಿನವು ಮೊಣಕಾಲೆತ್ತರಕ್ಕೂ ಬಾರದಿದ್ದಾಗಲೇ, ಕೊಂಬೆಯಿಲ್ಲದ, ಎಲೆಯಿಲ್ಲದ, 8 ಮೀಟರ್‌ವರೆಗೆ ಎತ್ತರವಿದ್ದ ಕಂಬಗಳು ಭೂಮಿಯ ಮೇಲೆ ನಿಂತಿದ್ದವು. 1843ರಲ್ಲಿ ಕೆನಡಾದ ಗ್ಯಾಸ್ಪೆಯಲ್ಲಿ ವಿಲಿಯಂ ಲೋಗನ್ ಅದರ ತುಂಡುಗಳನ್ನು ಸಂಗ್ರಹಿಸಿದರು. 1859ರಲ್ಲಿ ಡಾಸನ್ ಅದನ್ನು ಕೊಳೆಯುತ್ತಿದ್ದ ಶಂಕುಧಾರಿ ಮರವೆಂದರು. 1872ರಲ್ಲಿ ಕರುಥರ್ಸ್ ದೈತ್ಯ ಕಡಲಪಾಚಿಯೆಂದರು. 2001ರಲ್ಲಿ ಹ್ಯೂಬರ್, ಹೆಣೆದುಕೊಂಡ ನಳಿಕೆಗಳಿಂದಾದ ಒಳರಚನೆಯನ್ನು ವರ್ಷಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಶಿಲೀಂಧ್ರವೆಂದು ವಾದಿಸಿದರು. 2007ರಲ್ಲಿ ಬಾಯ್ಸ್ ಮತ್ತು ಸಂಗಡಿಗರು ಇಂಗಾಲದ ಐಸೊಟೋಪುಗಳ, ಅಂದರೆ ಬೇರೆ ಬೇರೆ ತೂಕದ ಇಂಗಾಲದ ಪರಮಾಣುಗಳ, ಪ್ರಮಾಣವನ್ನು ಅಳೆದರು. ಒಂದೇ ಪರಿಸರದ ಸಸ್ಯಗಳಲ್ಲಿ ಈ ಪ್ರಮಾಣ ಒಂದೇ ತೆರನಾಗಿದ್ದರೆ, ಪ್ರೊಟೊಟ್ಯಾಕ್ಸೈಟಿಸ್ ಮಾದರಿಗಳಲ್ಲಿ ಬಹಳ ಏರುಪೇರಾಗಿತ್ತು. ಅಂದರೆ ಅದು ಬಿಸಿಲಿನಿಂದ ಆಹಾರ ತಯಾರಿಸುತ್ತಿರಲಿಲ್ಲ, ಇತರರನ್ನು ಉಂಡು ಬದುಕುತ್ತಿತ್ತು. ಶಿಲೀಂಧ್ರವೆಂಬ ವಾದಕ್ಕೆ ಇದರಿಂದ ಬಲ ಬಂತು.

ಆದರೆ 2025ರಲ್ಲಿ ಎಡಿನ್‌ಬರೋದ ಸಂಶೋಧಕರು ಸ್ಕಾಟ್‌ಲೆಂಡಿನ ರೈನೀ ಎಂಬಲ್ಲಿ ಬಿಸಿನೀರಿನ ಬುಗ್ಗೆಗಳು ಸಿಲಿಕಾದಲ್ಲಿ ಹುದುಗಿಸಿಟ್ಟ, 40.7 ಕೋಟಿ ವರ್ಷ ಹಳೆಯ ಮಾದರಿಯನ್ನು ಪರೀಕ್ಷಿಸಿ ಬೇರೆಯೇ ಮಾತು ಹೇಳಿದರು. ಈ ಪರೀಕ್ಷೆಯ ಸೊಗಸು ಹೋಲಿಕೆಯಲ್ಲಿದೆ. ಅದೇ ಕಲ್ಲಿನಲ್ಲಿ ಖಚಿತವಾಗಿ ಶಿಲೀಂಧ್ರಗಳೆಂದು ಗೊತ್ತಿರುವ ಪಳೆಯುಳಿಕೆಗಳೂ ಇವೆ. ಅವೂ ಅಷ್ಟೇ ಕಾಲ, ಅಷ್ಟೇ ಶಾಖ ಕಂಡಿವೆ. ಅವುಗಳಲ್ಲಿ ಶಿಲೀಂಧ್ರದ ಕೋಶಭಿತ್ತಿಯಲ್ಲಿರುವ ಕೈಟಿನ್‌ ಎಂಬ ವಸ್ತುವಿನ ಅವಶೇಷದ ಗುರುತು ಸಿಗುತ್ತದೆ, ಪ್ರೊಟೊಟ್ಯಾಕ್ಸೈಟಿಸ್‌ನಲ್ಲಿ ಸಿಗುವುದಿಲ್ಲ. ಕಾಲ ಅಳಿಸಿಹಾಕಿರಬಹುದು ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ನಳಿಕೆಗಳು ಕವಲೊಡೆದು ಕೂಡುವ ರೀತಿಯೂ ತಿಳಿದಿರುವ ಶಿಲೀಂಧ್ರಗಳಿಗೆ ಹೊಂದುವುದಿಲ್ಲ. ಆದ್ದರಿಂದ ಇದು ಸಂಪೂರ್ಣ ನಶಿಸಿಹೋದ ಪ್ರತ್ಯೇಕ ವಂಶವಿರಬೇಕೆಂಬುದು ಅವರ ತೀರ್ಮಾನ.

‘ಹಾಗಾದರೆ ಪರೀಕ್ಷೆಯಲ್ಲಿ ಯಾವ ಸಾಮ್ರಾಜ್ಯವೆಂದು ಬರೆಯಬೇಕು?’ ಎಂದು ಒಬ್ಬ ಹುಡುಗ ನಿಜವಾದ ಆತಂಕದಿಂದ ಕೇಳಿದ. ಸ್ಥಾನ ಅನಿಶ್ಚಿತ ಎಂಬ ಶೀರ್ಷಿಕೆಯಡಿ ಜೀವಿಗಳನ್ನು ಇರಿಸುವ ಅಧಿಕೃತ ರೂಢಿ ವಿಜ್ಞಾನದಲ್ಲಿದೆ, ಅದು ಸೋಲಿನ ಗುರುತಲ್ಲ ಎಂದು ನಾನು ಹೇಳಿದೆ. ನಮ್ಮ ಸಾಮ್ರಾಜ್ಯಗಳೆಲ್ಲ ಬದುಕಿ ಉಳಿದವರನ್ನು ನೋಡಿ ಮಾಡಿದವು. ನಶಿಸಿದ ಜೀವಿಗೆ ಇಂದಿನ ಗುಂಪಿನ ಎಲ್ಲ ಲಕ್ಷಣಗಳೂ ಇರಲೇಬೇಕೆಂದಿಲ್ಲ. ಅದು ಆ ಗುಂಪಿನ ಬುಡದಲ್ಲಿ, ಕೆಲವು ಲಕ್ಷಣಗಳು ಮೂಡಿ ಕೆಲವು ಇನ್ನೂ ಮೂಡದ ಹಂತದಲ್ಲಿ ಕವಲೊಡೆದದ್ದಿರಬಹುದು. 1950ರಲ್ಲಿ ವಿಲ್ಲಿ ಹೆನ್ನಿಗ್ ರೂಪಿಸಿದ ವಿಧಾನದಲ್ಲಿ ಸಾಮ್ಯಕ್ಕಿಂತ, ಒಂದೇ ಪೂರ್ವಜನಿಂದ ಬಂದ ಹೊಸ ಲಕ್ಷಣಗಳ ಹಂಚಿಕೆಯೇ ಮುಖ್ಯ. ಹಾಗೆ ಹುಡುಕಿದರೂ ಎಲ್ಲವೂ ಬಗೆಹರಿಯುವುದಿಲ್ಲ: 1966ರಲ್ಲಿ ಹೆಸರು ಪಡೆದ ಅಮೆರಿಕದ ಇಲಿನಾಯ್‌ನ ಟಲ್ಲಿ ಎಂಬ ಪಳೆಯುಳಿಕೆ ಜೀವಿಯನ್ನು 2016ರಲ್ಲಿ ಕಶೇರುಕ, ಅಂದರೆ ಬೆನ್ನೆಲುಬಿನ ಪ್ರಾಣಿ, ಎಂದರು, 2017ರಲ್ಲಿ ಮತ್ತು 2023ರಲ್ಲಿ ಅಲ್ಲವೆಂದು ವಾದಿಸಿದರು.

ಮರಳುವಾಗ ಬಸ್ಸಿನಲ್ಲಿ, ಮೊಟ್ಟೆಯ ಪ್ರಶ್ನೆ ಕೇಳಿದ್ದ ಹುಡುಗಿ ನನ್ನ ಪಕ್ಕಕ್ಕೆ ಬಂದು ಕುಳಿತಳು. ಗಿಡಗಳೇ ಅಷ್ಟು ಚಿಕ್ಕವಾಗಿದ್ದಾಗ ಪ್ರೊಟೊಟ್ಯಾಕ್ಸೈಟಿಸ್‌ನಷ್ಟು ದೊಡ್ಡ ಜೀವಿ ತಿಂದದ್ದಾದರೂ ಏನನ್ನು ಎಂದು ಕೇಳಿದಳು. ಐಸೊಟೋಪುಗಳನ್ನು ಅಳೆದವರೂ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಸಸ್ಯಗಳ ಜೊತೆಗೆ, ನೆಲದ ಮೇಲೆ ಹೊದಿಕೆಯಂತೆ ಹರಡಿದ್ದ ಸೂಕ್ಷ್ಮಜೀವಿಗಳ ಪದರವೂ ಅದರ ಆಹಾರವಾಗಿದ್ದಿರಬಹುದೆಂದು ಅವರು ಸೂಚಿಸಿದ್ದರು. ‘ಸ್ಟ್ರೋಮಟೊಲೈಟ್ ಕಟ್ಟಿದಂಥವೇ?’ ಎಂದಳು. ಅದೇ ಜೀವಿಗಳಲ್ಲದಿದ್ದರೂ ಬಿಸಿಲಿನಿಂದ ಆಹಾರ ತಯಾರಿಸುವ ಸಯನೋಬ್ಯಾಕ್ಟೀರಿಯಾಗಳು ಎರಡೂ ಕಡೆ ಇದ್ದಿರುವ ಸಾಧ್ಯತೆ ಹೆಚ್ಚು ಎಂದೆ. ಅವಳು ಅದನ್ನು ಬರೆದುಕೊಂಡು, ಮುಂದಿನ ಬಾರಿ ಸ್ಟ್ರೋಮಟೊಲೈಟ್‌ಗಳನ್ನೇ ನೋಡಲು ಹೋಗೋಣವೇ ಎಂದು ಕೇಳಿದಳು. ಗೆಳತಿ ಹಿಂದಿನ ಸೀಟಿನಿಂದಲೇ ಆಗಲಿ ಎಂದರು.