ಚಕ್ಕುಲಿ ಪಾಸ್, ಒಂಬತ್ತು ಇನ್ನೂ ಬಾಕಿ

ಬೈಗುಳ ತಡೆಯಲು ನಮ್ಮ ಡಿಸ್ಕಾರ್ಡ್ (ಗುಂಪು ಹರಟೆಯ ಆ್ಯಪ್) ಸರ್ವರ್‌ಗೆ ಹಾಕಿದ ಫಿಲ್ಟರ್ ಕೊನೆಗೂ ಚಕ್ಕುಲಿಯನ್ನು ಒಳಗೆ ಬಿಟ್ಟುಕೊಳ್ಳುತ್ತಿದೆ. ಚಕ್ಕೆ, ಚಕ್ಕಂದ, ಚಕ್ಕಳಮಕ್ಕಳ ಎಲ್ಲವೂ ಸರಾಗ. ಗೇ, ಟ್ರಾನ್ಸ್ ಜನರನ್ನು ಹೀಯಾಳಿಸುವ ‘ಚಕ್ಕ’ ಎಂಬ ಬೈಗುಳ ಮಾತ್ರ ಹೊರಗೆ. ಕೇಳಲು ಇಷ್ಟೇ, ಆದರೆ ಇದರ ಹಿಂದೆ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ), ಕನ್ನಡದ ವಿಭಕ್ತಿ, ಮಲಯಾಳಂನ ಹಲಸಿನಕಾಯಿ ಎಲ್ಲ ಸಾಲುಗಟ್ಟಿ ನಿಂತಿದ್ದವು.

ಚಾನೆಲ್, ರೋಲ್, ನಿಯಮಗಳ ಪುಟ, ಹೊಸಬರ ಪರಿಶೀಲನೆ, ಇದನ್ನೆಲ್ಲ ಒಂದು ಸಲವಾದರೂ ಮಾಡಿದವರೇ ಇದನ್ನು ಓದುತ್ತಿರುತ್ತೀರಿ, ಹಾಗಾಗಿ ಹಾರಿಸುತ್ತೇನೆ. ಬಿಜಿಎಂಐ, ವ್ಯಾಲೊರೆಂಟ್, ಮೈನ್‌ಕ್ರಾಫ್ಟ್ ಆಡುವ ಕನ್ನಡದ ಗೇ ಗೇಮರ್‌ಗಳಿಗೂ ಅವರ ಗೆಳೆಯರಿಗೂ ಒಂದು ಜಾಗ ಬೇಕು ಎಂಬಷ್ಟೇ ಉದ್ದೇಶ. ಈ ಕಂತಿನಲ್ಲಿ ಬೈಗುಳಗಳನ್ನು ಪೂರ್ತಿ ಬರೆದಿದೆ. ಚುಕ್ಕಿ ಹಾಕಿ ಮರೆಮಾಡಿದರೆ ಫಿಲ್ಟರ್ ಕಟ್ಟುವವರಿಗೆ ಉಪಯೋಗವಿಲ್ಲ.

ಮೊದಲು ಡಿಸ್ಕಾರ್ಡ್‌ನದೇ ತಡೆ ವ್ಯವಸ್ಥೆ ಆಟೋಮಾಡ್ ಬಗ್ಗೆ. 2022ರಲ್ಲಿ ಬಂದದ್ದು, ಬಿಟ್ಟಿ, ಗಟ್ಟಿ. ಕೀವರ್ಡ್ ನಿಯಮಗಳು ಆರು, ಒಂದೊಂದರಲ್ಲಿ ಸಾವಿರ ಪದ, ಹತ್ತು ರೆಜೆಕ್ಸ್ (ಪದದ ಮಾದರಿ ಹುಡುಕುವ ಸೂತ್ರ), ಪ್ರತಿ ರೆಜೆಕ್ಸ್‌ಗೆ 260 ಅಕ್ಷರ, ವಿನಾಯಿತಿ ಪಟ್ಟಿಗೆ ನೂರು ಪದ. ಸಿದ್ಧವಾಗಿ ಕೊಡುವ ಬೈಗುಳದ ಪಟ್ಟಿ ನಮ್ಮ ಬೀದಿಯ ಕನ್ನಡಕ್ಕೆ ಏನೂ ಸಾಲದು. ಆದರೂ ಇದನ್ನು ಬಿಟ್ಟು ಬರೀ ಬಾಟ್ (ನಾವೇ ಬರೆದು ಸೇರಿಸುವ ಪ್ರೋಗ್ರಾಂ) ನಂಬಬೇಡಿ. ಆಟೋಮಾಡ್ ಸಂದೇಶವನ್ನು ಪ್ರಕಟವಾಗುವ ಮೊದಲೇ ತಡೆಯುತ್ತದೆ. ಬಾಟ್ ಅಳಿಸುವುದು ಪ್ರಕಟವಾದ ಮೇಲೆ, ಅಷ್ಟರಲ್ಲಿ ಆ ಪದ ಯಾರದೋ ಫೋನಿನ ಲಾಕ್ ಸ್ಕ್ರೀನ್ ಮೇಲೆ ನೋಟಿಫಿಕೇಶನ್ ಆಗಿ ಕೂತಿರುತ್ತದೆ. ಅಮ್ಮ ಪಕ್ಕದಲ್ಲೇ ಕೂತು ಟಿವಿ ನೋಡುತ್ತಿರುವ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ. ಅದಕ್ಕೇ ಸರ್ವರ್‌ನ ಹೆಸರಿನಲ್ಲಿ ‘ಗೇ’ ಇಲ್ಲ, ಐಕಾನ್‌ನಲ್ಲಿ ಕಾಮನಬಿಲ್ಲೂ ಇಲ್ಲ. ಹಾಸ್ಟೆಲ್ ರೂಮಿನಲ್ಲಿ ಸ್ಕ್ರೀನ್ ಶೇರ್ ಮಾಡುವವರ ಎಡಪಟ್ಟಿಯಲ್ಲಿ ಅದು ಯಾವುದೋ ಮಾಮೂಲಿ ಗೇಮಿಂಗ್ ಗುಂಪಿನಂತೆ ಕಾಣಬೇಕು. ಬಣ್ಣವೆಲ್ಲ ಒಳಗಿನ ಚಾನೆಲ್‌ಗಳಲ್ಲಿ.

ಹಾಗಾಗಿ ಕೆಲಸ ಹಂಚಿಕೆ ಹೀಗೆ: ಯಾವ ಸಂದರ್ಭದಲ್ಲೂ ಬೈಗುಳವೇ ಆಗಿರುವ ಪದಗಳು ಆಟೋಮಾಡ್‌ಗೆ, ಸಂದರ್ಭ ನೋಡಬೇಕಾದವು ಪೈಥಾನ್ ಬಾಟ್‌ಗೆ. ಬಾಟ್‌ಗೆ ಡೆವಲಪರ್ ಪೋರ್ಟಲ್‌ನಲ್ಲಿ ಮೆಸೇಜ್ ಕಂಟೆಂಟ್ ಇಂಟೆಂಟ್ (ಸಂದೇಶ ಓದುವ ಅನುಮತಿ) ಆನ್ ಮಾಡದಿದ್ದರೆ ಬಹುತೇಕ ಎಲ್ಲ ಸಂದೇಶವೂ ಖಾಲಿ ಬರುತ್ತದೆ. ಎಡಿಟ್ ಆದ ಸಂದೇಶಗಳಿಗೆ ‘ರಾ’ ಈವೆಂಟ್ ಅನ್ನೇ ಕೇಳಿಸಿಕೊಳ್ಳಿ. ಮಾಮೂಲಿ ಎಡಿಟ್ ಈವೆಂಟ್ ಕ್ಯಾಶ್‌ನಲ್ಲಿ (ಬಾಟ್‌ನ ತಾತ್ಕಾಲಿಕ ನೆನಪಿನಲ್ಲಿ) ಉಳಿದ ಸಂದೇಶಗಳಿಗೆ ಮಾತ್ರ ಓಗೊಡುತ್ತದೆ. ‘ಗುಡ್ ಗೇಮ್’ ಎಂದು ಬರೆದು, ಮಾರನೇ ದಿನ ಅದನ್ನೇ ಬೈಗುಳಕ್ಕೆ ತಿದ್ದುವ ಪುಣ್ಯಾತ್ಮರಿಗೆ ಈ ಸಂದು ಚೆನ್ನಾಗಿ ಗೊತ್ತು.

ಈಗ ಚಕ್ಕುಲಿಗೆ ಬರೋಣ. ಪೈಥಾನ್ ಜೊತೆಗೇ ಬರುವ ‘ರೀ’ ಮಾಡ್ಯೂಲ್‌ನಲ್ಲಿ ಪದದ ಗಡಿ ಎಂದರೆ ಅಕ್ಷರ ಅಥವಾ ಅಂಕಿ ಮುಗಿದು ಬೇರೇನೋ ಶುರುವಾಗುವ ಜಾಗ. ಅದರ ಲೆಕ್ಕದಲ್ಲಿ ಕನ್ನಡದ ಸ್ವರಚಿಹ್ನೆಗಳು ಅಕ್ಷರವೇ ಅಲ್ಲ. ಕೊಂಬು, ಎತ್ವ, ಸೊನ್ನೆ, ವಿರಾಮ ಎಲ್ಲ ಯೂನಿಕೋಡ್‌ನಲ್ಲಿ ‘ಮಾರ್ಕ್’ ವರ್ಗ. ಹಾಗಾಗಿ ‘ಚಕ್ಕ’ ಎಂಬ ಇಡೀ ಪದವನ್ನು ಹುಡುಕು ಎಂದರೆ, ಚಕ್ಕುಲಿಯಲ್ಲಿ ‘ಕ’ ಆದ ಕೂಡಲೇ ಬರುವ ಕೊಂಬನ್ನು ನೋಡಿ ‘ಪದ ಮುಗಿಯಿತು’ ಎಂದುಕೊಂಡು ಹಿಡಿಯುತ್ತದೆ. ಚಕ್ಕೆಯಲ್ಲಿ ಎತ್ವ, ಚಕ್ಕಂದದಲ್ಲಿ ಸೊನ್ನೆ, ಅದೇ ಕಥೆ. ವಿಚಿತ್ರವೆಂದರೆ ಚಕ್ಕಳಮಕ್ಕಳ ಪಾರಾಗುತ್ತದೆ, ಯಾಕೆಂದರೆ ‘ಕ’ದ ನಂತರ ಪೂರ್ಣಾಕ್ಷರ ‘ಳ’ ಇದೆ. ಗೋಕುಲಾಷ್ಟಮಿ ವಾರದಲ್ಲಿ ಫಿಲ್ಟರ್ ಯಾಕೆ ರಂಪ ಮಾಡುತ್ತದೆ ಎಂದು ತಲೆ ಕೆರೆದುಕೊಳ್ಳುತ್ತಿರುವ ಬಾಟ್ ಮಾಲೀಕರಿಗೆ ಉತ್ತರ ಇಲ್ಲಿದೆ. ಜಾವಾಸ್ಕ್ರಿಪ್ಟ್‌ನವರ ಪಾಡು ಉಲ್ಟಾ: ಅಲ್ಲಿ ಪದದ ಗಡಿಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಗೊತ್ತಿಲ್ಲ, ಆದ್ದರಿಂದ ಏನನ್ನೂ ಹಿಡಿಯದೆ ನೆಮ್ಮದಿಯಾಗಿರುತ್ತದೆ.

ಪರಿಹಾರ: ‘ರೀ’ ಬದಲು ‘ರೆಜೆಕ್ಸ್’ ಎಂಬ ಹೊರಗಿನ ಮಾಡ್ಯೂಲ್ ಹಾಕಿ, ಗಡಿಯನ್ನು ಕೈಯಾರೆ ಬರೆಯುವುದು. ಹಿಂದೆಯೂ ಮುಂದೆಯೂ ‘ಅಕ್ಷರ ಅಥವಾ ಮಾರ್ಕ್ ವರ್ಗದ ಯಾವುದೂ ಇರಬಾರದು’ ಎಂಬ ಷರತ್ತು. ಆದರೆ ಇಷ್ಟಕ್ಕೇ ಬಿಟ್ಟರೆ ಚಕ್ಕನ, ಚಕ್ಕಗಳು, ಚಕ್ಕಗಳಿಗೆ ಎಲ್ಲ ತಪ್ಪಿಸಿಕೊಳ್ಳುತ್ತವೆ. ಕನ್ನಡದಲ್ಲಿ ಇಡೀ ಪದ ಎಂಬುದೇ ಒಂದು ಭ್ರಮೆ. ಆದ್ದರಿಂದ ಪ್ರಕೃತಿ (ಮೂಲ ಪದ) ಒಂದು, ಅದಕ್ಕೆ ಹತ್ತುವ ಪ್ರತ್ಯಯಗಳ ಮುಚ್ಚಿದ ಪಟ್ಟಿ ಒಂದು, ಆಮೇಲೆ ಗಡಿ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳು ಕೊನೆಗೂ ಕೆಲಸಕ್ಕೆ ಬಂದವು. ಆಟೋಮಾಡ್ ಒಳಗಿನ ರೆಜೆಕ್ಸ್ ರಸ್ಟ್ ಶೈಲಿಯದು, ಅದರಲ್ಲಿ ಹಿಂದೆ ಮುಂದೆ ಇಣುಕುವ ಸೌಲಭ್ಯವೇ ಇಲ್ಲ. ಅಲ್ಲಿ ನಮಗೆ ಪ್ರತ್ಯಯದ ಪಟ್ಟಿ ಮತ್ತು ವಿನಾಯಿತಿ ಪಟ್ಟಿ ಆಧಾರ. ವಿನಾಯಿತಿಯಲ್ಲಿ ಚಕ್ಕುಲಿ ಎಂದು ಬರೆದು ಕೊನೆಗೆ ನಕ್ಷತ್ರ ಹಾಕಿದರೆ ಚಕ್ಕುಲಿಗೆ, ಚಕ್ಕುಲಿನೂ ಎಲ್ಲ ಒಟ್ಟಿಗೆ ಪಾಸ್.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಚಕ್ಕ ಬೇರೆಯೇ ತಲೆನೋವು. ಮಲಯಾಳಂನಲ್ಲಿ ಅದು ಹಲಸು. ಕಾಸರಗೋಡಿನವರು ಮೇ ತಿಂಗಳಲ್ಲಿ ಬೇರೆ ಯಾವುದರ ಬಗ್ಗೆ ಮಾತಾಡುತ್ತಾರೆ? ಹಿಂದಿ ಕಾಮೆಂಟರಿ ಕೇಳಿ ಬೆಳೆದವರಿಗೆ ಅದು ಸಿಕ್ಸರ್. ಹಾಗಾಗಿ ರೋಮನ್ ಲಿಪಿಯ ಚಕ್ಕವನ್ನು ತಡೆಯುವುದಿಲ್ಲ, ಮಾಡರೇಟರ್ ಚಾನೆಲ್‌ಗೆ ಸುಳಿವು ಮಾತ್ರ ಹೋಗುತ್ತದೆ. ಮನುಷ್ಯರು ನೋಡಿ ತೀರ್ಮಾನಿಸುತ್ತಾರೆ.

ಫಿಲ್ಟರ್‌ನ ಕಣ್ಣಿಗೆ ಮಣ್ಣೆರಚುವವರಿಗಾಗಿ ಪರಿಶೀಲನೆಗೆ ಮುನ್ನ ಸಂದೇಶದ ಒಂದು ನಕಲು ಮಾಡಿ ತೊಳೆಯಬೇಕು. ಇಲ್ಲಿ ಕ್ರಮ ಮುಖ್ಯ. ಮೊದಲು ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳನ್ನು ಕಿತ್ತುಹಾಕಿ. ‘ಡಿಸ್ಕಾರ್ಡ್‌ನಲ್ಲಿ’ ಎಂದು ಸರಿಯಾಗಿ ಬರೆಯಲು ಅವುಗಳಲ್ಲಿ ಒಂದು ನಮಗೆ ಬೇಕೇ ಬೇಕು, ಆದ್ದರಿಂದ ಅವು ಇದ್ದವೆಂದು ಸಂದೇಶ ತಡೆಯುವಂತಿಲ್ಲ, ನಕಲಿನಿಂದ ಮಾತ್ರ ತೆಗೆಯಬೇಕು. ಆಮೇಲೆ ಯೂನಿಕೋಡ್ ಸಾಮಾನ್ಯೀಕರಣ. ಎರಡು ತುಂಡಾಗಿ ಟೈಪಾದ ಒತ್ವ, ಓತ್ವಗಳು ಆಗ ಒಂದಾಗುತ್ತವೆ. ಕ್ರಮ ಅದಲುಬದಲಾದರೆ ತುಂಡುಗಳ ನಡುವೆ ಅಡಗಿ ಕೂತ ಶೂನ್ಯ ಅಗಲದ ಅಕ್ಷರ ಅವನ್ನು ಒಂದಾಗಲು ಬಿಡುವುದಿಲ್ಲ.

ಮೂರನೆಯದು ತೆಲುಗು. ‘ಒ’, ‘ಚ’ದಂಥ ಅಕ್ಷರಗಳು ಎರಡೂ ಲಿಪಿಯಲ್ಲಿ ಹೆಚ್ಚೂಕಡಿಮೆ ಒಂದೇ ಥರ. ತೆಲುಗು ಕೀಬೋರ್ಡಿನಿಂದ ಒಂದಕ್ಷರ ತಂದು ನಡುವೆ ತೂರಿಸಿದರೆ ಕಣ್ಣಿಗೆ ಬೈಗುಳ, ಫಿಲ್ಟರ್‌ಗೆ ಅಪರಿಚಿತ ಪದ. ಅದೃಷ್ಟಕ್ಕೆ ಯೂನಿಕೋಡ್‌ನಲ್ಲಿ ತೆಲುಗಿನ 128 ಸ್ಥಾನಗಳ ಪಕ್ಕದಲ್ಲೇ ಕನ್ನಡದ 128, ಜೋಡಣೆಯೂ ಒಂದೇ. ತೆಲುಗಿನ ಕೋಡ್ ಪಾಯಿಂಟ್‌ಗೆ (ಅಕ್ಷರದ ಸಂಖ್ಯೆಗೆ) 128 ಕೂಡಿಸಿದರೆ ಕನ್ನಡದ್ದು ಸಿಗುತ್ತದೆ. ಕನ್ನಡದಲ್ಲಿ ಜೋಡಿಯಿಲ್ಲದ ಸ್ಥಾನಗಳನ್ನು ಹಾಗೇ ಬಿಡಿ. ಒಂದೇ ಸಾಲಿನ ಕೋಡ್. ಈ ಇಡೀ ಪ್ರಾಜೆಕ್ಟ್‌ನಲ್ಲಿ ಬಿಟ್ಟಿಯಾಗಿ ಸಿಕ್ಕ ಸಂತೋಷ ಇದೊಂದೇ.

ನಾಲ್ಕನೆಯದು ಸೊನ್ನೆ. ಅನುಸ್ವಾರವೂ ಕನ್ನಡದ ಅಂಕಿ ಸೊನ್ನೆಯೂ ಕಣ್ಣಿಗೆ ಅವಳಿಜವಳಿ, ಕೋಡ್ ಬೇರೆ. ಬೇಕೆಂತಲೇ ಬಿಡಿ, ಹಳೇ ಕೀಬೋರ್ಡ್ ಅಭ್ಯಾಸದಿಂದಲೂ ಜನ ‘ಒ೦ದು’ ಎಂದು ಅಂಕಿ ಸೊನ್ನೆ ಹಾಕಿ ಬರೆಯುತ್ತಾರೆ. ಸೊನ್ನೆಯ ಹಿಂದಿರುವುದು ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆಯಾದರೆ ಅದನ್ನು ಅನುಸ್ವಾರ ಮಾಡಿ, ಅಂಕಿಯಾದರೆ ಮುಟ್ಟಬೇಡಿ. ಇಲ್ಲದಿದ್ದರೆ ‘೧೦ ಕಿಲ್’ ಎಂದು ಬೀಗುವವರ ಹತ್ತು ಒಂದಾಗಿಬಿಡುತ್ತದೆ.

ಇಷ್ಟೆಲ್ಲ ಆದ ಮೇಲೂ ಕಾಡುತ್ತಿರುವುದು ಒಂಬತ್ತು. ಬೀದಿಯಲ್ಲಿ, ಕಾಲೇಜಿನಲ್ಲಿ, ಲಾಬಿಯಲ್ಲಿ ಗೇ ಹುಡುಗರಿಗೂ ಟ್ರಾನ್ಸ್ ಜನರಿಗೂ ಎಸೆಯುವ ಪದ ಅದು. ತಡೆಯದಿದ್ದರೆ ಸರ್ವರ್ ಇದ್ದೂ ಪ್ರಯೋಜನವಿಲ್ಲ. ತಡೆದರೆ ರಾತ್ರಿ ಒಂಬತ್ತಕ್ಕೆ ಸ್ಕ್ವಾಡ್ ಕೂಡಿಸುವುದು ಹೇಗೆ? ಎಂಟಕ್ಕೋ ಹತ್ತಕ್ಕೋ ಆಡಿ ಎನ್ನಬಹುದು, ಸ್ಕೋರ್‌ಬೋರ್ಡ್ ಕೇಳಬೇಕಲ್ಲ.

ಸದ್ಯ ಅಂಕ ಕೊಡುವ ಪದ್ಧತಿ ಇಟ್ಟಿದೆ. ಪದದ ಅಕ್ಕಪಕ್ಕದ ಮೂರು ಪದಗಳಲ್ಲಿ ನೀನು, ನೀ, ಇವನು, ಲೋ, ಕಣೋ ಇದ್ದರೆ ಎರಡು ಅಂಕ. ಯಾರನ್ನಾದರೂ ಟ್ಯಾಗ್ ಮಾಡಿದ್ದರೆ ಅಥವಾ ರಿಪ್ಲೈ ಆಗಿದ್ದರೆ ಒಂದು. ‘ಒಂಬತ್ತುಗಳು’ ಎಂದು ಬಹುವಚನ ಬಂದರೆ ನೇರ ಮೂರು, ಸಂಖ್ಯೆಯನ್ನು ಯಾರೂ ದಿನಬಳಕೆಯಲ್ಲಿ ಹಾಗೆ ಹೇಳುವುದಿಲ್ಲ. ಮುಂದಿನ ಪದ ಗಂಟೆ, ಜನ, ಕಿಲ್, ರೌಂಡ್, ಲೆವೆಲ್, ರೂಪಾಯಿ ಆದರೆ ಮೂರು ಅಂಕ ಕಡಿತ. ಒಂಬತ್ತಕ್ಕೆ, ಒಂಬತ್ತರ ಎಂದು ಸಂಖ್ಯೆಯ ವಿಭಕ್ತಿ ಹತ್ತಿದ್ದರೂ ಕಡಿತ. ಮೂರಕ್ಕೆ ತಲುಪಿದರೆ ಬಾಟ್ ಅಳಿಸುತ್ತದೆ, ಎರಡಾದರೆ ಮಾಡರೇಟರ್‌ಗೆ ಸುಳಿವು. ‘ನೀನು ಒಂಬತ್ತಕ್ಕೆ ಬಾ’ ಪಾಸ್. ‘ಒಂಬತ್ತು ಕಣೋ ನೀನು’ ಸುಳಿವು, ಟ್ಯಾಗ್ ಇದ್ದರೆ ಔಟ್. ಸೋಲುವುದು ಎಲ್ಲಿ ಎಂದರೆ ‘ಒಂಬತ್ತಾಯ್ತು ಕಣೋ, ಎಲ್ಲಿ ಸಾಯ್ತಿದೀಯ’ ಎಂಬ ಶುದ್ಧ ಸ್ನೇಹದ ಸಂದೇಶದಲ್ಲಿ. ‘ಆಯ್ತು’, ‘ಆಗ್ಲಿ’, ‘ಹೊಡೀತು’ಗಳನ್ನೂ ಕಡಿತದ ಪಟ್ಟಿಗೆ ಸೇರಿಸಿ ಅದು ಸುಧಾರಿಸಿತು. ಬರೀ ‘9’ ಎಂದು ಒಂದೇ ಅಂಕಿಯ ರಿಪ್ಲೈ ಬಂದಾಗ ಮಾತ್ರ ಯಾವ ಲೆಕ್ಕವೂ ನಿಲ್ಲುತ್ತಿಲ್ಲ. ಅದು ‘ಎಷ್ಟು ಕಿಲ್?’ ಎಂಬುದರ ಉತ್ತರವೋ ಅವಮಾನವೋ ಎಂಬುದು ಹಿಂದಿನ ಸಂದೇಶದಲ್ಲಿದೆ. ಮುಂದಿನ ಹಂತ ಅದನ್ನೂ ಓದಿಸುವುದು.

ಪಟ್ಟಿಗೆ ಸೇರಿಸದ ಪದಗಳ ಬಗ್ಗೆಯೂ ಹೇಳಬೇಕು. ‘ಕೋತಿ’ ನಮ್ಮವರಲ್ಲಿ ಹಲವರ ಗುರುತು, ಉಳಿದವರಿಗೆ ಮರದ ಮೇಲಿನ ಪ್ರಾಣಿ, ಎರಡಕ್ಕೂ ತಡೆ ಬೇಕಿಲ್ಲ. ‘ಬಳೆ ತೊಟ್ಕೋ’ ಥರದ ಕೊಂಕು ಫಿಲ್ಟರ್‌ಗೆ ಸಿಗುವುದಿಲ್ಲ, ಮಾಡರೇಟರ್ ಎಚ್ಚರ ಇರಬೇಕು. ಇನ್ನು ‘ಗೇ’ ಎಂಬ ಪದವನ್ನೇ ತಡೆಯುವ ಸರ್ವರ್‌ಗಳಿವೆ. ‘ನಾವು ಎಲ್ಲರಿಗೂ ಸುರಕ್ಷಿತ’ ಎಂಬ ಬೋರ್ಡು ಹೊರಗೆ, ಒಳಗೆ ‘ನಾನು ಗೇ’ ಎಂದು ಬರೆದವರಿಗೇ ಟೈಮ್ಔಟ್. ಹೊಸ ಗುಂಪು ಹುಡುಕುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ: ಆ ಪದ ಸಾಮಾನ್ಯ ಚಾಟ್‌ನಲ್ಲಿ ಸಲೀಸಾಗಿ ಓಡಾಡುತ್ತಿದೆಯೇ, ‘ಅದೆಲ್ಲ ತುಂಬಾ ಗೇ’ ಎಂದು ಹೀಯಾಳಿಸಿದವರಿಗೆ ಯಾರಾದರೂ ಕಿವಿ ಹಿಂಡುತ್ತಾರೆಯೇ. ಎಕ್ಸ್‌ಬಾಕ್ಸ್ ಲೈವ್ ಕೂಡ 2010ರಲ್ಲಿ ನಿಯಮ ಬದಲಿಸುವವರೆಗೆ ಗೇಮರ್‌ಟ್ಯಾಗ್‌ನಲ್ಲಿ ‘ಗೇ’ ಬರೆಯಲು ಬಿಡುತ್ತಿರಲಿಲ್ಲ. 2006ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಗೇ ಸ್ನೇಹಿ ಗಿಲ್ಡ್ ಎಂದು ಚಾಟ್‌ನಲ್ಲಿ ಪ್ರಚಾರ ಮಾಡಿದ ಆಟಗಾರ್ತಿಗೆ ಬ್ಲಿಝಾರ್ಡ್ ಎಚ್ಚರಿಕೆ ಕೊಟ್ಟು, ಗಲಾಟೆಯಾದ ಮೇಲೆ ಕ್ಷಮೆ ಕೇಳಿತ್ತು.

ಸದ್ಯ ಬಾಟ್ ಓಡುತ್ತಿರುವ ವಿಪಿಎಸ್ (ಬಾಡಿಗೆ ಸರ್ವರ್) ಬಗ್ಗೆ ಒಂದು ಗೊಣಗಾಟ. ಮಾರಿದವರು ‘ಮುಂಬೈ’ ಎಂದರು. ಟ್ರೇಸ್‌ರೂಟ್ (ಡೇಟಾ ಹೋಗುವ ದಾರಿ ತೋರಿಸುವ ಉಪಕರಣ) ಹಾಕಿದರೆ ಪ್ಯಾಕೆಟ್ ಸಿಂಗಾಪುರಕ್ಕೆ ಪ್ರವಾಸ ಹೋಗಿ ಬರುತ್ತದೆ. ಟಿಕೆಟ್ ಹಾಕಿದರೆ ‘ದಯವಿಟ್ಟು ರೀಬೂಟ್ ಮಾಡಿ’ ಎಂಬ ಉತ್ತರ. ರೀಬೂಟ್ ಮಾಡಿದರೆ ಸಿಂಗಾಪುರ ಮುಂಬೈಗೆ ಬರುತ್ತದೆಯೇ? ಚಾಟ್ ಬಾಟ್‌ಗೆ ಈ ತಡ ಲೆಕ್ಕಕ್ಕಿಲ್ಲ. ಆದರೆ ಮುಂದಿನ ಪ್ರಾಜೆಕ್ಟ್ ಮೈನ್‌ಕ್ರಾಫ್ಟ್ ಸರ್ವರ್, ಅದಕ್ಕೆ ಖಂಡಿತ ನಡೆಯದು. ಮನೆಯ ಫೈಬರ್‌ನಲ್ಲೇ ಇಡೋಣವೆಂದರೆ ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ), 25565 ಪೋರ್ಟ್ ತೆರೆದರೂ ಹೊರಗಿನವರಿಗೆ ಬಾಗಿಲು ಕಾಣುವುದಿಲ್ಲ.

ಆ ಸರ್ವರ್‌ನ ಸಾಮಾನು ಮಾತ್ರ ನಿರ್ಧಾರವಾಗಿದೆ: ಪೇಪರ್ ಎಂಬ ಸರ್ವರ್ ತಂತ್ರಾಂಶ, ಜೊತೆಗೆ ಗೈಸರ್ ಮತ್ತು ಫ್ಲಡ್‌ಗೇಟ್ ಎಂಬ ಪ್ಲಗಿನ್‌ಗಳು. ಅರ್ಧಕ್ಕರ್ಧ ಜನ ಫೋನಿನಲ್ಲೇ ಆಡುವವರು, ಬೆಡ್‌ರಾಕ್‌ನಿಂದ (ಫೋನಿನಲ್ಲಿ ಆಡುವ ಆವೃತ್ತಿ) ಜಾವಾ (ಕಂಪ್ಯೂಟರ್ ಆವೃತ್ತಿ) ಸರ್ವರ್‌ಗೆ ಬರಲು ಅವರಿಗೆ ಇದೇ ದಾರಿ. ಬೆಡ್‌ರಾಕ್‌ಗೆ ಯುಡಿಪಿ 19132 ಬೇರೆಯೇ ತೆರೆಯಬೇಕು. ವೈಟ್‌ಲಿಸ್ಟ್ (ಪಟ್ಟಿಯಲ್ಲಿದ್ದವರಿಗಷ್ಟೇ ಪ್ರವೇಶ) ಮೊದಲ ದಿನದಿಂದಲೇ ಆನ್. ಇದೇ ಫಿಲ್ಟರ್ ಅನ್ನು ಪ್ಲಗಿನ್ ಮಾಡಿ ಚಾಟ್‌ಗೆ, ಪುಸ್ತಕಗಳಿಗೆ, ಆನ್ವಿಲ್‌ನಲ್ಲಿ ಕತ್ತಿಗೂ ಕುರಿಗೂ ಇಡುವ ಹೆಸರುಗಳಿಗೆ ಹಚ್ಚಬೇಕು. ತಲೆನೋವಿನದು ಮರದ ಫಲಕ. ಅದಕ್ಕೆ ನಾಲ್ಕು ಸಾಲು: ಮೊದಲ ಸಾಲಲ್ಲಿ ‘ಒಂ’, ಎರಡನೆಯದರಲ್ಲಿ ‘ಬ’, ಮೂರನೆಯದರಲ್ಲಿ ‘ತ್ತು’ ಬರೆದರೆ ಪ್ರತಿ ಸಾಲೂ ನಿರಪರಾಧಿ. ಸಾಲುಗಳನ್ನು ಕೂಡಿಸಿ ಓದಿದರೆ ‘ಒಂಬತ್ತು / ವಜ್ರ / ಒಳಗಿವೆ’ ಎಂಬ ಪೆಟ್ಟಿಗೆಯ ಚೀಟಿಗೂ ಅದೇ ಅಂಕಪದ್ಧತಿ ಬೇಕು, ಅಂದರೆ ಕಡಿತದ ಪಟ್ಟಿಗೆ ವಜ್ರ, ಕಬ್ಬಿಣ, ಕಲ್ಲಿದ್ದಲು, ಪಂಜು ಎಲ್ಲ ಸೇರಬೇಕು. ಬ್ಲಾಕ್‌ಗಳ ಕನ್ನಡ ಹೆಸರಿನ ಪಟ್ಟಿ ಯಾರ ಬಳಿಯಾದರೂ ಸಿದ್ಧವಿದ್ದರೆ ಕಳಿಸಿ.