ಕಣ್ಣಿಲ್ಲದ್ದೇ ಜಾಸ್ತಿ ಭಯ

‘ಏಲಿಯನ್’ ಸಿನಿಮಾದ ಪ್ರಾಣಿಗೆ ಕಣ್ಣಿಲ್ಲ ಅನ್ನುವುದು ನನಗೆ ಹೊಳೆದಿದ್ದು ಆ ಸಿನಿಮಾವನ್ನು ಐದನೇ ಸಲ ನೋಡುವಾಗ. ಅಲ್ಲಿಯವರೆಗೂ ಆ ಹಲ್ಲು, ಜೊಲ್ಲು, ಬಾಯೊಳಗಿನ ಇನ್ನೊಂದು ಬಾಯಿ ಇವಕ್ಕೇ ಹೆದರುತ್ತಿದ್ದೇನೆ ಅಂದುಕೊಂಡಿದ್ದೆ. ಅದಲ್ಲ. ಅದು ಎತ್ತ ನೋಡುತ್ತಿದೆ ಅಂತ ಗೊತ್ತಾಗುವುದಿಲ್ಲವಲ್ಲ, ಅದು ಭಯ. ಹುಲಿ ಎದುರಿಗೆ ಬಂದರೂ ಅದರ ಕಣ್ಣು ನೋಡಿ ಏನೋ ಒಂದು ಅಂದಾಜು ಮಾಡಬಹುದು. ಇದರ ಹತ್ತಿರ ಅದಕ್ಕೂ ದಾರಿಯಿಲ್ಲ.

1979ರ ಆ ಪ್ರಾಣಿಯನ್ನು ರೂಪಿಸಿದ್ದು ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್. ಗೀಗರ್ ಬರೆದ ಹಳೆಯ ವರ್ಣಚಿತ್ರವೊಂದನ್ನು ನಿರ್ದೇಶಕ ರಿಡ್ಲಿ ಸ್ಕಾಟ್ ನೋಡಿ, ಇದೇ ನಮ್ಮ ಪ್ರಾಣಿ ಅಂತ ಹಿಡಿದುಕೊಂಡರು. ಆ ಚಿತ್ರದಲ್ಲಿ ದೊಡ್ಡ ಕಪ್ಪು ಕಣ್ಣುಗಳಿದ್ದವು, ಸಿನಿಮಾಕ್ಕೆ ಬರುವಾಗ ಅವನ್ನು ತೆಗೆದರು. ಮಜಾ ಏನೆಂದರೆ, ಆ ಉದ್ದ ತಲೆಯ ಮುಂಭಾಗದಲ್ಲಿ, ನುಣುಪು ಹೊದಿಕೆಯ ಒಳಗೆ, ಮನುಷ್ಯನ ತಲೆಬುರುಡೆ ಇಟ್ಟಿದ್ದರು. ಅಂದರೆ ಕಣ್ಣಿನ ಗುಳಿ ಇದೆ, ಕಣ್ಣಿಲ್ಲ! ಆ ವೇಷದೊಳಗೆ ಇದ್ದವರು ನೈಜೀರಿಯಾದ ಬೋಲಾಜಿ ಬಡೇಜೊ, ಸುಮಾರು ಏಳಡಿ ಎತ್ತರ, ತೆಳ್ಳಗಿನ ಕೈಕಾಲು. ನಟರೇನಲ್ಲ, ಕಲೆ ಓದುತ್ತಿದ್ದ ಹುಡುಗ. ಒಳಗೆ ಒಬ್ಬ ಮನುಷ್ಯ ಇದ್ದಾನೆ ಅಂತ ನಮಗೆ ಅನಿಸಲೇಬಾರದು ಅಂತಲೇ ಅಂಥವರನ್ನು ಹುಡುಕಿದ್ದು. ಇಡೀ ಸಿನಿಮಾದಲ್ಲಿ ಅದು ಕಾಣಿಸುವುದು ಕೆಲವೇ ನಿಮಿಷ. ಈಗಿನ ಎಷ್ಟೋ ಸಿನಿಮಾಗಳಲ್ಲಿ ಮೊದಲ ಕಾಲು ಗಂಟೆಯಲ್ಲೇ ಪೂರ್ತಿ ಬೆಳಕಿನಲ್ಲಿ ರಾಕ್ಷಸನನ್ನು ತಂದು ನಿಲ್ಲಿಸಿ, ನೋಡಿ ನಮ್ಮ ಗ್ರಾಫಿಕ್ಸ್ ಅಂತಾರೆ. ನೋಡಿದೆವು, ಸರಿ, ಆಮೇಲೆ?

ಕಣ್ಣಿನ ಮಾತು ಬಂದರೆ ‘ಪ್ಯಾನ್ಸ್ ಲ್ಯಾಬಿರಿಂತ್’ನ ಪೇಲ್ ಮ್ಯಾನ್ ಬಿಡುವ ಹಾಗಿಲ್ಲ. 2006ರದ್ದು, ಗಿಯೆರ್ಮೊ ಡೆಲ್ ಟೊರೊ ಸಿನಿಮಾ. ತುಂಬಿದ ಊಟದ ಮೇಜಿನ ತುದಿಯಲ್ಲಿ ಬಿಳಿಚಿಕೊಂಡ ಒಂದು ಆಕೃತಿ ಅಲುಗಾಡದೆ ಕೂತಿದೆ, ಚರ್ಮ ಜೋತುಬಿದ್ದಿದೆ, ಮುಖದಲ್ಲಿ ಮೂಗಿನ ತೂತು ಮತ್ತು ಬಾಯಿ ಬಿಟ್ಟರೆ ಏನೂ ಇಲ್ಲ. ಎದುರಿನ ತಟ್ಟೆಯಲ್ಲಿ ಎರಡು ಕಣ್ಣುಗುಡ್ಡೆ. ಹುಡುಗಿ ತಿನ್ನಬಾರದ ದ್ರಾಕ್ಷಿ ತಿನ್ನುತ್ತಾಳೆ. ಅದು ಎಚ್ಚರಾಗಿ, ಆ ಗುಡ್ಡೆಗಳನ್ನು ಅಂಗೈಗೆ ಸಿಕ್ಕಿಸಿಕೊಂಡು, ಬೆರಳು ಅಗಲಿಸಿ ಕೈ ಎರಡನ್ನೂ ಮುಖದ ಹತ್ತಿರ ಹಿಡಿಯುತ್ತದೆ. ಮಕ್ಕಳು ನವಿಲಿನ ಆಟ ಆಡುವಾಗ ಕೈ ಹಿಡಿಯುತ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. ನಗು ಬರಬೇಕಿತ್ತು. ಬರಲಿಲ್ಲ. ಒಳಗಿದ್ದ ನಟ ಡಗ್ ಜೋನ್ಸ್ ಹೊರಗೆ ನೋಡುತ್ತಿದ್ದದ್ದು ಆ ಮೂಗಿನ ತೂತಿನಿಂದ ಅಂತ ಗೊತ್ತಾದ ಮೇಲೂ ಬರುತ್ತಿಲ್ಲ.

ಗೇಮ್‌ಗಳಲ್ಲಿ ‘ಸೈಲೆಂಟ್ ಹಿಲ್ 2’ರ ಪಿರಮಿಡ್ ಹೆಡ್ ಒಂದೇ ಸಾಕು. ತಲೆಯ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣದ ತ್ರಿಕೋನ, ಕೈಯಲ್ಲಿ ಎತ್ತಲಾರದೆ ಎಳೆದುಕೊಂಡು ಬರುವಷ್ಟು ದೊಡ್ಡ ಕತ್ತಿ. ಆ ಕತ್ತಿ ನೆಲಕ್ಕೆ ಉಜ್ಜುವ ಸದ್ದು ಕೇಳಿದರೆ ನಾನು ಮೊದಲು ಹೆಡ್‌ಫೋನ್ ತೆಗೆಯುತ್ತೇನೆ, ಆಮೇಲೆ ಓಡುವ ಯೋಚನೆ.

ಹಾಗಾದರೆ ಜಪಾನಿ ಸಿನಿಮಾದ ದೈತ್ಯ ಪ್ರಾಣಿ ಗಾಡ್ಜಿಲ್ಲಾಗೆ ಕಣ್ಣಿದೆಯಲ್ಲ, ಅದೂ ನಿನಗೆ ಇಷ್ಟ ಅಲ್ವಾ ಅಂತ ಕೇಳಬಹುದು. ಇಷ್ಟವೇ, ತುಂಬಾ. ಕಣ್ಣಿದೆ, ಆದರೆ ಆ ಕಣ್ಣು ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ, ನಾವು ನಡೆಯುವಾಗ ಇರುವೆ ನೋಡುತ್ತೇವಾ? ನಾನು 1954ರ ಮೊದಲ ಗಾಡ್ಜಿಲ್ಲಾ ಬಗ್ಗೆ ಹೇಳುತ್ತಿರುವುದು, ಆಮೇಲೆ ಬಂದ ತಮಾಷೆಯವು ಬೇರೆ ಲೆಕ್ಕ. ಹಿರೋಶಿಮಾ, ನಾಗಸಾಕಿ ಆಗಿ ಆಗಿನ್ನೂ 9 ವರ್ಷ. ಅದರ ಮೈಮೇಲಿನ ಒರಟು ಗಂಟುಗಳು ಅಣುಬಾಂಬಿನಿಂದ ಸುಟ್ಟು ಬದುಕುಳಿದವರ ಚರ್ಮದ ಕಲೆಗಳನ್ನು ನೆನಪಿಸುವಂಥವು. ಜಪಾನಿನಲ್ಲಿ ಅವತ್ತು ಥಿಯೇಟರಿನಲ್ಲಿ ಕೂತವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ವೇಷ ಎಷ್ಟು ಭಾರ ಇತ್ತೆಂದರೆ ಒಳಗಿದ್ದ ಹಾರುವೊ ನಕಾಜಿಮಾಗೆ ನಡೆಯುವುದೇ ಕಷ್ಟ, ಆ ಎಳೆದಾಡುವ ನಡಿಗೆ ಅರ್ಧ ನಟನೆ, ಅರ್ಧ ನಿಜ.

ಇನ್ನು ಅದರ ಕೂಗು. ಯಾವುದೋ ಪ್ರಾಣಿಯದ್ದಿರಬೇಕು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಸಂಗೀತ ಕೊಟ್ಟ ಅಕಿರಾ ಇಫುಕುಬೆ ಮಾಡಿದ್ದು ಇಷ್ಟು: ಡಬಲ್ ಬೇಸ್ ಅನ್ನುವ, ದೊಡ್ಡ ಪಿಟೀಲಿನಂಥ ವಾದ್ಯದ ತಂತಿ ಸಡಿಲ ಮಾಡಿಸಿ, ಅಂಟು ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿಸಿ, ಆ ಸದ್ದನ್ನು ನಿಧಾನ ಮಾಡಿದ್ದು. ಕೇಳಿ ನೋಡಿ. ಕೊನೆಯಲ್ಲಿ ಅದು ಅಳುವ ಹಾಗೆ ಎಳೆಯುತ್ತದೆ.