ಶ್ರೀಶೈಲದ ಅಕ್ಕನ ಗವಿಗೆ ಹೊರಟಿದ್ದೀರಾ? ಟಾರ್ಚ್ ಇಟ್ಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೋಗುವವರು ನಿದ್ದೆಯ ಆಸೆ ಬಿಡಿ. ದೋರ್ನಾಲದಿಂದ ಮುಂದೆ ಹುಲಿ ಕಾಡು, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಹಾಕಿರುತ್ತಾರೆ. ನಮ್ಮ ಬಸ್ ನಾಲ್ಕಕ್ಕೇ ಬಂದು ನಿಂತಿತು. ಎಸಿ ಆಫ್, ಕಿಟಕಿ ತೆಗೆಯೋಕಾಗಲ್ಲ, ಪಕ್ಕದವರ ಮೊಬೈಲಿನಲ್ಲಿ ಜೋರಾಗಿ ಸುಪ್ರಭಾತ. ಎರಡು ಗಂಟೆ!

ನಾನು ಹೋಗಿದ್ದು ಹರಕೆಗಲ್ಲ. ಏಳು ವರ್ಷ ಜೊತೆಗಿದ್ದವನ ನಿಶ್ಚಿತಾರ್ಥ ನನಗೆ ಗೊತ್ತಾಗಿದ್ದು ವಾಟ್ಸಾಪ್ ಸ್ಟೇಟಸ್ ನೋಡಿ. ಮಾತಿಗೆ ತಪ್ಪಿದ ಗಂಡ ಕೌಶಿಕರಾಜನನ್ನು ಬಿಟ್ಟು ಅಕ್ಕಮಹಾದೇವಿ ಉಡುತಡಿಯಿಂದ ಹೊರಟಳು, ಕಲ್ಯಾಣಕ್ಕೆ ಹೋಗಿ ಕೊನೆಗೆ ಇಲ್ಲಿ ಬಂದಳು ಅನ್ನೋ ಕಥೆ ನೆನಪಾಯಿತು, ಟಿಕೆಟ್ ತೆಗೆದೆ.

ಬಸ್‌ಸ್ಟ್ಯಾಂಡಿನಲ್ಲಿ ಗವಿಗೆ ಹೋಗೋ 'ಸ್ಪೆಷಲ್ ಬೋಟ್' ಅಂತ ಒಬ್ಬ ಮುಂಗಡ ಇಸಕೊಂಡು ನಾಪತ್ತೆಯಾದ. ಅಲ್ಲಿ ಯಾರಿಗೂ ದುಡ್ಡು ಕೊಡಬೇಡಿ. ಸೀದಾ ಪಾತಾಳಗಂಗೆಗೆ, ಅಂದರೆ ಕೃಷ್ಣಾ ನದಿಯ ಘಟ್ಟಕ್ಕೆ, ಇಳಿದು ಅಲ್ಲೇ ಟಿಕೆಟ್ ತಗೊಳ್ಳಿ. ಜನ ಸೇರದೆ ಬೋಟ್ ಹೊರಡಲ್ಲ, ಹಾಗಾಗಿ ಅರ್ಧ ದಿನ ಇಟ್ಟುಕೊಂಡೇ ಹೋಗಿ.

ಗವಿಯ ಒಳಗೆ ಕಗ್ಗತ್ತಲು. ಅಡ್ಡ ತಿರುಗಿ, ಬಗ್ಗಿ, ಎದೆಗೆ ಬಂಡೆ ಉಜ್ಜಿಕೊಂಡೇ ಹೋಗಬೇಕು. ಭಯ ಇದ್ದವರು ಹೊರಗಿನ ಕಲ್ಲಿನ ಕಮಾನಿನ ಕೆಳಗೆ ಕೂತರೂ ನಷ್ಟವಿಲ್ಲ. ಕೊನೆಯಲ್ಲಿ ಲಿಂಗ. ನನ್ನ ಫೋನಿನ ಚಾರ್ಜ್ ಅಲ್ಲಿಗೇ ಮುಗಿಯಿತು, ಹಿಂದಿನವರು ಬರೋವರೆಗೆ ಸುಮ್ನೆ ನಿಂತಿದ್ದೆ. ಅಕ್ಕ ಗಂಡನನ್ನು ಬಿಟ್ಟಳೇ ಹೊರತು ಹಂಬಲ ಬಿಡಲಿಲ್ಲ, ಅಲ್ವಾ? ಗಿಳಿ, ಕೋಗಿಲೆ, ದುಂಬಿ ಎಲ್ಲವನ್ನೂ ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅಂತ ಕೇಳಿದವಳು. ನಾನೋ ಮೂರು ತಿಂಗಳಿಂದ ಮರೀಬೇಕು ಮರೀಬೇಕು ಅಂತ ಅದನ್ನೇ ಜಪ ಮಾಡುತ್ತಿದ್ದೆ. ಆ ಕತ್ತಲಲ್ಲಿ ಜೋರಾಗಿ ಅತ್ತೆ, ಅವಮಾನ ಅನಿಸಲಿಲ್ಲ.

ಯುಗಾದಿ ಹೊತ್ತಿಗೆ ಉತ್ತರ ಕರ್ನಾಟಕದವರು ಕಂಬಿ (ದೇವರ ಕಾವಡಿ) ಹೊತ್ತು ನಡೆದೇ ಬರುತ್ತಾರೆ. ಜನಜಂಗುಳಿ ನನಗಂತೂ ಆಗಲ್ಲ, ಆ ವಾರ ಬೇಡ.

ಊಟಕ್ಕೆ ಮಾತ್ರ ದೊಡ್ಡ ಹೋಟೆಲ್ ಹುಡುಕಬೇಡಿ. ಹಿಂದಿನ ಓಣಿಯಲ್ಲಿ ರಾಯಚೂರು ಕಡೆಯ ಅಜ್ಜಿಯೊಬ್ಬರು ತಗಡಿನ ಕೆಳಗೆ ಕೂತು ರೊಟ್ಟಿ ಬಡಿಯುತ್ತಾರೆ. ಉಬ್ಬಿದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ (ಚಟ್ನಿಪುಡಿಯ) ನಡುವೆ ಗುಂಡಿ ಮಾಡಿ ಸುರಿದ ಎಣ್ಣೆ, ಗಟ್ಟಿ ಮೊಸರು. 60 ರೂಪಾಯಿ, ಪಲ್ಯ ಕೇಳಿದಷ್ಟು. ಮೂರು ಹೊತ್ತೂ ಅಲ್ಲೇ ಉಂಡೆ.

"ಒಬ್ಬಾಕೀನ ಬಂದೀಯೇನವ್ವಾ?" ಅಂದರು. ಹೂಂ ಅಂದೆ.

"ಅಕ್ಕನೂ ಒಬ್ಬಾಕೀನ ಬಂದಿದ್ಳು. ಉಣ್ಣು," ಅಂತ ಇನ್ನೊಂದು ರೊಟ್ಟಿ ಹಾಕಿದರು.